ಗಲ್ಲದ ವಿಮಾನ ಮತ್ತು ಒಂದು ಹಂಡೆ ನೀರು

ವಿಮಾನಗಳನ್ನು ಕೆಳಗೆ ಕರೆಯುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು ಎಂದು ಹೇಳಿದಾಗ ತುಂಗತ್ತೆ ಕೇಳಿದ್ದು ಒಂದೇ ಪ್ರಶ್ನೆ: ಇಳಿದವರಿಗೆಲ್ಲ ನೀರು ಕೊಡಬೇಕಾದವರು ಯಾರು? ಏರೋಡ್ರೋಮಿನವರೇ ಒಂದು ಮಣ್ಣಿನ ಹರವಿ ಇಟ್ಟಿದ್ದಾರೆ, ಚೊಂಬೂ ಅವರದೇ, ನಾನು ತುಂಬಿ ಕೊಟ್ಟರೆ ಸಾಕು ಎಂದೆ. ಹಾಗಾದರೆ ಹೋಗು ಎಂದರು. ತುಂಗತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬಿ.ಎ. ತನಕ ಓದಿಸಿದವರು ಅವರೇ. ಪೇಟೆ ಬೀದಿಯ ಕೊನೆಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಮನೆಯ ನಡುವೆ ಆಕಾಶಕ್ಕೆ ತೆರೆದ ಒಂದು ಅಂಗಳ, ಬೀದಿಯ ಕಡೆಗೆ ಒಂದು ಜಗಲಿ.

ನಮ್ಮ ಊರಿನಲ್ಲಿ ಗಾಳಿಗೆ ಸೇರಿದ್ದು ಕರೆಯದೆ ಕೆಳಗೆ ಬರುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ತೆರೆಯುತ್ತಾರೆ, ನಮಗೆ ಅದರಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ. ಬೆಳಿಗ್ಗೆ ಕಸ ಗುಡಿಸುವವಳು ಹಿಂದಿನ ದಿನದ ಧೂಳನ್ನು ಕರೆದುಕೊಳ್ಳುತ್ತಾಳೆ, ಆಮೇಲೆ ಗುಡಿಸುತ್ತಾಳೆ. ಹಗ್ಗದಿಂದ ಹಾರಿದ ಸೀರೆಯನ್ನು ಯಾರ ಸೀರೆಯೋ ಅವರು ಕರೆಯುತ್ತಾರೆ. ಮಳೆಯನ್ನು ಪುರಸಭೆಯ ಒಬ್ಬ ನೌಕರ ಕರೆಯುತ್ತಾನೆ, ಮೆಣಸಿನಕಾಯಿ ಒಣಗಿಸುವವರೆಲ್ಲ ಸರಿ ಎಂದ ಮೇಲೆ. ಕರೆಯುವುದಕ್ಕೆ ಎರಡೇ ನಿಯಮ. ಒಂದು, ಕರೆಯುವವರಿಗೆ ಅದು ನಿಜವಾಗಿಯೂ ಬೇಕಾಗಿರಬೇಕು. ಮನಸ್ಸಿಲ್ಲದೆ ಎಷ್ಟು ಕೂಗಿದರೂ ಏನೂ ಇಳಿಯುವುದಿಲ್ಲ. ಎರಡು, ಇಳಿದು ಬಂದದ್ದಕ್ಕೆ ಕರೆದವರು ನೀರು ಕೊಡಬೇಕು. ಸೀರೆಗಾದರೆ ನಾಲ್ಕು ಹನಿ ಚಿಮುಕಿಸಿದರೆ ಆಯಿತು. ಮಳೆಗೂ ಒಂದು ಚೊಂಬು ನೀರಿಡುತ್ತಾರೆ, ಮರೆಯದೆ ಸೂರಿನ ಕೆಳಗೆ ಇಡುತ್ತಾರೆ. ಸಾಕಾದಾಗ ಆ ನೀರನ್ನು ನೆಲಕ್ಕೆ ಚೆಲ್ಲಿದರೆ ಮಳೆ ಹೊರಟುಹೋಗುತ್ತದೆ. ಕೊಟ್ಟ ನೀರು ಮುಗಿಯುವ ತನಕ ಬಂದವರು ಕರೆದವರ ಅತಿಥಿ. ಅಲ್ಲಿಯವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ.

ಈ ಕಾರಣಕ್ಕೇ ಯುದ್ಧದಲ್ಲಿ ನಮ್ಮ ಊರಿಗೆ ಬೆಲೆ ಬಂತು. ಗುಡ್ಡದ ಆಚೆಯ ಸೈನ್ಯದವರು ಮೊದಲ ವರ್ಷವೇ ಬಂದು ಪೇಟೆ ಬೀದಿಯ ಮೇಲೆ ಬಾಂಬು ಹಾಕಿ ಹೋದರು. ಬಾಂಬುಗಳು ಮಾಳಿಗೆಗಳಿಗಿಂತ ಸ್ವಲ್ಪ ಮೇಲೆ ಬಂದು ನಿಂತವು. ಯಾರೂ ಕರೆಯಲಿಲ್ಲ, ಅವು ಅಲ್ಲೇ ಉಳಿದವು. ಕಾಗೆಗಳು ಕೂತು ಎದ್ದು ರೂಢಿಯಾಯಿತು. ಜವಳಿ ಅಂಗಡಿ ಬಾಂಬು, ಅಕ್ಕಸಾಲಿಗರ ಬಾಂಬು, ಗಿರಣಿ ಬಾಂಬು ಎಂದು ಜನ ಗುರುತಿಗೆ ಹೆಸರಿಟ್ಟರು. ಗಿರಣಿ ಬಾಂಬಿನ ಎಡಕ್ಕೆ ತಿರುಗಿದರೆ ನಮ್ಮ ಮನೆ ಎಂದು ದಾರಿ ಹೇಳುವುದಕ್ಕೆ ಅನುಕೂಲವೇ ಆಯಿತು. ಬದಲಾದದ್ದು ಒಂದೇ: ಪೇಟೆ ಬೀದಿಯಲ್ಲಿ ಆಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ. ವ್ಯಾಪಾರಿಗಳು ಗಿರಾಕಿಗಳನ್ನು ಕೈಸನ್ನೆಯಿಂದ ಒಳಗೆ ಬರಮಾಡಿಕೊಂಡರು. ಮಕ್ಕಳನ್ನು ಆಟದಿಂದ ಎಬ್ಬಿಸಿ ಊಟಕ್ಕೆ ತರಲು ತಾಯಂದಿರು ತಾವೇ ಬೀದಿಯ ತುದಿಯವರೆಗೆ ನಡೆದು ಹೋದರು.

ಆದರೂ ಒಂದು ಬಾಂಬು ಹೋಯಿತು. ಹೂವಿನ ಅಂಗಡಿಯ ಪಾರ್ವತವ್ವ ಮೊಮ್ಮಗಳ ನಾಮಕರಣಕ್ಕೆ ಕುಂಕುಮ ಹಚ್ಚಿ ಕರೆಯಲು ಎದುರು ಮನೆಗೆ ಹೋಗಿದ್ದಳು. ಹೊಸಿಲ ಒಳಗೆ ನಿಂತು ಮೆಲ್ಲಗೆ ಹೇಳಿ ಮುಗಿಸಿದ್ದಳು. ಹೊರಟು ಬೀದಿಗಿಳಿದವಳು ತಿರುಗಿ, ನಮ್ಮ ಊರಿನವರ ಬಾಯಲ್ಲಿ ತಾನಾಗಿ ಬರುವ ಮಾತನ್ನು ಆಡಿಬಿಟ್ಟಳು: "ಒಬ್ರೇ ಬರಬೇಡಿ, ಎಲ್ಲರೂ ಬನ್ನಿ." ಮನಸ್ಸಿನಿಂದಲೇ ಹೇಳಿದಳು, ಅದೇ ತಪ್ಪಾದದ್ದು. ಅವಳ ತಲೆಯ ಮೇಲೇ ಇದ್ದ ಬಾಂಬು ಕೇಳಿಸಿಕೊಂಡಿತು. ಮೂರು ಮನೆ ಹೋದವು, ಪಾರ್ವತವ್ವನೂ ಹೋದಳು. ಬಿದ್ದ ಗುಂಡಿಗೆ ನೆರೆಯವರು ಸೇರಿ ನೀರು ಹಾಕಿದರು, ಬಂದದ್ದಕ್ಕೆ ಕೊಡಬೇಕಲ್ಲ. ಈಗ ಅಲ್ಲೊಂದು ಸಣ್ಣ ಹೊಂಡವಿದೆ. ಆ ಮಾತು ನಮ್ಮವರಿಗೆ ಎಷ್ಟು ಅಭ್ಯಾಸವೆಂದರೆ, ಒಬ್ಬರನ್ನೇ ಕರೆಯುವುದು ಹೇಗೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬರನ್ನೇ ಕರೆದರೆ ಉಳಿದವರಿಗೆ ಅವಮಾನ. ನಾನು ಆ ದಿನದಿಂದ ಮನೆಯಿಂದ ಹೊರಡುವಾಗ ಬಾಯಿಗೆ ಒಂದು ಲವಂಗ ಹಾಕಿಕೊಂಡು ಹೊರಡುತ್ತಿದ್ದೆ, ಬೀದಿ ದಾಟುವ ತನಕ ಕಚ್ಚಿ ಹಿಡಿದಿರುತ್ತಿದ್ದೆ.

ಏರೋಡ್ರೋಮು ಊರ ಹೊರಗೆ, ಬಾಂಬುಗಳಿಂದ ದೂರ. ಅದನ್ನು ಪುರಸಭೆ ಚಕ್ರದವರಿಗೆ ಬಾಡಿಗೆಗೆ ಕೊಟ್ಟಿತ್ತು. ರೆಕ್ಕೆಯ ಮೇಲೆ ಕೆಂಪು ಚಕ್ರ ಬರೆದುಕೊಂಡ ವಾಯುಪಡೆಯವರನ್ನು ನಾವು ಚಕ್ರದವರು ಎನ್ನುತ್ತಿದ್ದೆವು, ಅವರ ಗೆಳೆಯರಾಗಿ ಬಂದ ಇನ್ನೊಂದು ದೇಶದವರು ಚೌಕದವರು. ಇಬ್ಬರೂ ಹಾರಿಸುತ್ತಿದ್ದದ್ದು ಒಂದೇ ವಿಮಾನ, ಅಮೆರಿಕದಲ್ಲಿ ಮಾಡಿದ್ದು, ಒಬ್ಬನೇ ಕೂರುವಂಥದ್ದು. ಮೂತಿಯ ಕೆಳಗೆ ಗಾಳಿ ಎಳೆದುಕೊಳ್ಳಲು ದೊಡ್ಡ ಬಾಯಿ, ಹಾಗಾಗಿ ನಮ್ಮವರು ಗಲ್ಲದ ವಿಮಾನ ಎಂದರು. ನೆಲದ ಮೇಲಿದ್ದಾಗ ಆ ಮೂತಿ ಅಡ್ಡ ಬಂದು ನಡೆಸುವವನಿಗೆ ಮುಂದಿನದು ಕಾಣುತ್ತಿರಲಿಲ್ಲ, ಆದ್ದರಿಂದ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂಸುತ್ತ ಓಡಾಡುವ ಎತ್ತಿನಂತೆ ಸಾಗುತ್ತಿತ್ತು. ಅಮೆರಿಕದವನೊಬ್ಬನನ್ನೂ ನಾವು ನೋಡಲಿಲ್ಲ. ವಿಮಾನ ಬಂತು, ಅದರ ಪೆಟ್ಟಿಗೆಗಳು ಬಂದವು, ಪೆಟ್ಟಿಗೆಯ ಮರದಿಂದ ಊರಿನ ಅರ್ಧ ಮನೆಗಳಿಗೆ ಹಿತ್ತಿಲ ಬಾಗಿಲಾಯಿತು. ಒಳಗಿನ ಗಡಿಯಾರದಂಥ ಬಿಲ್ಲೆಗಳ ಮೇಲೆಲ್ಲ ಇಂಗ್ಲಿಷಿನಲ್ಲಿ ಬರೆದಿತ್ತು. ಚಕ್ರದವರಿಗೂ ಚೌಕದವರಿಗೂ ಅದು ಬರುತ್ತಿರಲಿಲ್ಲ. ನಾನೇ ಓದಿ ದುಭಾಷಿಗಳಿಗೆ ಹೇಳಿದೆ, ಅವರವರು ತಮ್ಮ ಭಾಷೆಯಲ್ಲಿ ಬರೆದು ಅಂಟಿಸಿಕೊಂಡರು. ಇಬ್ಬರ ವಿಮಾನಕ್ಕೂ ಇದ್ದ ವ್ಯತ್ಯಾಸ ಒಂದು ಹಿಡಿಕೆಯದು. ಚಕ್ರದವರು ಅದನ್ನು ಮುಂದಕ್ಕೆ ತಳ್ಳಿದರೆ ವೇಗ ಹೆಚ್ಚುತ್ತಿತ್ತು. ಚೌಕದವರು ತಮ್ಮ ದೇಶದ ರೂಢಿಯಂತೆ ತಿರುಗಿಸಿ ಕೂರಿಸಿಕೊಂಡಿದ್ದರು. ಅವರು ಹಿಂದಕ್ಕೆ ಎಳೆಯಬೇಕಿತ್ತು.

ದಿನವೂ ನಾನು ಬಯಲಿನ ನಡುವೆ ನಿಂತು ವಿಮಾನಗಳನ್ನು ಕರೆಯುತ್ತಿದ್ದೆ. ಸಹಜವಾಗಿ ಎಲ್ಲವನ್ನೂ ಒಟ್ಟಿಗೆ ಕರೆಯುತ್ತಿದ್ದೆ. ಇಳಿದವರು ಸಾಲಾಗಿ ಬಂದು ಚೊಂಬು ತೆಗೆದುಕೊಳ್ಳುತ್ತಿದ್ದರು, ಕುಡಿದು ಬೋರಲು ಹಾಕಿದ ಮೇಲೆ ಅವರವರ ಅಧಿಕಾರಿ ಬಂದು ಕರೆದೊಯ್ಯುತ್ತಿದ್ದ. ಬಂದವರನ್ನು ಎಣಿಸುವುದು ನನ್ನ ಕೆಲಸವಾಗಿರಲಿಲ್ಲ, ಆದರೂ ಎಣಿಸುತ್ತಿದ್ದೆ. ಎಣಿಸದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಚೌಕದವರಲ್ಲಿ ಯೋರಾನ್ ಎಂಬುವನೊಬ್ಬನಿದ್ದ. ಊರಿನವರು ಯೋರಣ್ಣ ಎನ್ನುತ್ತಿದ್ದರು. ಚೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದವನು ಅವನೊಬ್ಬ. ನೀರು, ಸಾಕು, ಅತ್ತೆ, ಹುಳಿ ಎಂಬ ಮಾತುಗಳನ್ನು ಕಲಿತಿದ್ದ. ರಜೆಯ ದಿನ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ತುಂಗತ್ತೆಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದ. ಬೀದಿಯವರು ಇದರ ಬಗ್ಗೆ ನನ್ನನ್ನು ಕೇಳಿದ್ದುಂಟು. ಕರೆಯುವವಳಿಗೆ ಬರುವವರು ಬೇಕಾಗಿರಬೇಕು ಎಂದಷ್ಟೇ ನಿಯಮದಲ್ಲಿದೆ, ಯಾವ ಬಗೆಯಲ್ಲಿ ಬೇಕು ಎಂದು ವಿಂಗಡಿಸಿಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಚಕ್ರದವರಿಗೂ ಚೌಕದವರಿಗೂ ಮುರಿದುಬಿತ್ತು. ಎಲ್ಲೋ ದೂರದ ಒಂದು ಬಂದರಿನ ವಿಷಯ ಎಂದರು. ಚೌಕದವರು ಬೆಳಿಗ್ಗೆ ಹೊರಟವರು ಸುದ್ದಿ ತಿಳಿದು ಹಾಗೆಯೇ ತಮ್ಮ ದೇಶದ ಕಡೆಗೆ ಹಾರಿಹೋದರು. ಬಯಲಿನಲ್ಲಿ ಉಳಿದಿದ್ದ ಅವರ ಎರಡು ವಿಮಾನಗಳನ್ನು ಚಕ್ರದವರು ವಶಕ್ಕೆ ತೆಗೆದುಕೊಂಡು ಚೌಕ ಅಳಿಸಿ ಚಕ್ರ ಬರೆದರು. ಹಿಡಿಕೆಯ ವಿಷಯ ಯಾರಿಗೂ ನೆನಪಾಗಲಿಲ್ಲ. ಮೊದಲನೆಯವನು ವೇಗ ಬೇಕಾದಾಗ ಮುಂದಕ್ಕೆ ತಳ್ಳಿದ, ವಿಮಾನ ನಿಂತು ಮೂತಿ ಊರಿತು. ಎರಡನೆಯವನು ನಿಲ್ಲಿಸಲೆಂದು ಹಿಂದಕ್ಕೆ ಎಳೆದ, ಅದು ಊಟದ ಶೆಡ್ಡಿನೊಳಗೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅಂದು ಮಧ್ಯಾಹ್ನ ಎಲ್ಲರೂ ಹೊರಗೆ ಕೂತು ಉಂಡರು.

ಯೋರಾನ್ ಅಂದು ನಸುಕಿಗೇ ಒಬ್ಬನೇ ಗುಡ್ಡದ ಆಚೆ ದೂರ ಹೋಗಿದ್ದ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಸಂಜೆಯ ಮುಂಚೆ ಅವನ ಎಂಜಿನಿನ ಸದ್ದು ಕೇಳಿ ನಾನು ಬಯಲಿಗಿಳಿದೆ. ಏರೋಡ್ರೋಮಿನ ಮೇಲ್ವಿಚಾರಕರು ಚನ್ನವೀರಪ್ಪನವರು ಹಿಂದೆಯೇ ಬಂದರು. ಪುರಸಭೆಯಲ್ಲಿ ಗುಮಾಸ್ತರಾಗಿದ್ದವರು, ಯುದ್ಧದಿಂದ ಬಡ್ತಿ ಪಡೆದವರು, ಯಾರಿಗೂ ಕೆಟ್ಟದ್ದು ಬಯಸದವರು.

"ನೋಡಮ್ಮ ಇಂದುಮತಿ, ಚೌಕದವ್ರನ್ನ ಕರೀಬಾರ್ದು ಅಂತ ಆರ್ಡರ್ ಬಂದಿದೆ," ಎಂದರು. "ನಾನು ಹೇಳಿದೀನಿ, ನೀನು ಕೇಳಿದೀಯ. ಇಷ್ಟು ನನ್ನ ಕೆಲಸ."

"ಕರೀದಿದ್ರೆ ಅವ್ರು ಎಲ್ಲಿಗೆ ಹೋಗ್ಬೇಕು?"

"ಅದು ಆರ್ಡರಲ್ಲಿ ಇಲ್ಲ."

ಇಬ್ಬರು ಸಿಪಾಯಿಗಳು ನನ್ನ ಎರಡೂ ಪಕ್ಕ ಬಂದು ನಿಂತರು. ಒಬ್ಬನ ಕೈ ನನ್ನ ಬಾಯಿಗೆ ಹತ್ತಿರದಲ್ಲೇ ಇತ್ತು, ಬೇಕಾದರೆ ಇರಲಿ ಎಂಬಂತೆ. ಗುಂಡು ಹಾರಿಸುವುದು ಸಾಧ್ಯವಿರಲಿಲ್ಲ. ಹಾರಿದ ಗುಂಡುಗಳು ಮೇಲೆ ಉಳಿದು ಸ್ವಂತ ವಿಮಾನಗಳಿಗೇ ತೊಡಕಾಗುತ್ತವೆಂದು ಚಕ್ರದವರು ಮೊದಲ ವರ್ಷವೇ ಅದನ್ನು ನಿಲ್ಲಿಸಿದ್ದರು. ಯೋರಾನ್ ಬಯಲನ್ನು ಸುತ್ತಿದ, ಮತ್ತೆ ಸುತ್ತಿದ. ಒಮ್ಮೆ ತೀರ ಕೆಳಗೆ ಬಂದು ರೆಕ್ಕೆ ಅಲುಗಿಸಿದ. ನಾನು ತಲೆ ಬಗ್ಗಿಸಿ ನಿಂತೆ. ಆಮೇಲೆ ಅವನು ಊರಿನ ಕಡೆಗೆ ತಿರುಗಿದ. ಪೆಟ್ರೋಲು ಮುಗಿದು ಎಂಜಿನು ನಿಂತಾಗ ವಿಮಾನ ಸರಿಯಾಗಿ ಪೇಟೆ ಬೀದಿಯ ಮೇಲೆ, ಗಿರಣಿ ಬಾಂಬು ಮತ್ತು ಅಕ್ಕಸಾಲಿಗರ ಬಾಂಬುಗಳ ನಡುವೆ, ನಮ್ಮ ಮನೆಯ ಎದುರಿಗೆ ಬಂದು ನಿಂತಿತು. ಅವನು ಗಾಜಿನ ಮುಚ್ಚಳ ಸರಿಸಿ ಕೆಳಗೆ ನೋಡಿದ. ನಾನು ಮನೆಗೆ ಬರುವ ಹೊತ್ತಿಗೆ ತುಂಗತ್ತೆ ಜಗಲಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು.  ಬೀದಿಯಲ್ಲಿ ಅವನನ್ನು ಕರೆಯುವಂತಿರಲಿಲ್ಲ.

ಮಾರನೆಯ ದಿನ ಜನ ತಮಗೆ ತೋಚಿದ್ದು ಮಾಡಿದರು. ಒಬ್ಬ ಬಾಳೆಹಣ್ಣು ಮೇಲಕ್ಕೆಸೆದ. ಅದು ಅರ್ಧ ದಾರಿ ಹೋಗಿ ನಿಂತಿತು. ಇನ್ನೊಬ್ಬ ರೊಟ್ಟಿಯನ್ನು ಚಕ್ರದಂತೆ ಬೀಸಿದ. ಅದು ಇನ್ನೂ ಸ್ವಲ್ಪ ಮೇಲೆ ಹೋಗಿ ನಿಂತಿತು. ಹಿಂದಿನ ಬೀದಿಯ ಪೈಲ್ವಾನ ನೀರು ತುಂಬಿದ ಸೋರೆಬುರುಡೆಯನ್ನು ಎಸೆದ, ಅದು ಯೋರಾನನ ಚಾಚಿದ ಕೈಗಿಂತ ಒಂದು ಮೊಳ ಕೆಳಗೆ ನಿಂತಿತು. ಇಡೀ ಮಧ್ಯಾಹ್ನ ಅವನು ಅದನ್ನು ನೋಡುತ್ತ ಕೂತ. ಸಂಜೆಯ ಹೊತ್ತಿಗೆ ಬೀದಿಯ ಮೇಲೆ ಒಂದು ಸಣ್ಣ ಸಂತೆಯಷ್ಟು ತಿಂಡಿ ತೇಲುತ್ತಿತ್ತು. ಕರೆದುಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಬಿಸಿಲು ಹಂಚಿನಂತೆ ಕಾದಿತ್ತು. ಅವನ ತುಟಿ ಒಡೆದದ್ದು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು, ಅಥವಾ ಕಾಣುತ್ತಿದೆ ಎಂದು ನಾನು ಅಂದುಕೊಂಡಿರಬಹುದು. ಚಕ್ರದವರ ದೊಡ್ಡ ಸಾಹೇಬರು ಕಾರಿನಲ್ಲಿ ಬಂದು ನೋಡಿ, ಇನ್ನು ಹೆಚ್ಚು ದಿನ ಬೇಕಾಗಲಾರದು ಎಂದು ಚನ್ನವೀರಪ್ಪನವರಿಗೆ ಹೇಳಿ ಹೋದರು.

ಅವನನ್ನು ಕರೆದರೆ ಬಾಂಬುಗಳೂ ಕೇಳಿಸಿಕೊಳ್ಳುತ್ತವೆ. ನನ್ನ ಕಷ್ಟ ಬೇರೆಯವರಿಗಿಂತ ಹೆಚ್ಚು. ಐದು ವರ್ಷ ಅವುಗಳನ್ನು ನೋಡದೆ ನಾನು ಒಂದು ದಿನವೂ ಮಲಗಿದವಳಲ್ಲ. ಯಾವುದಕ್ಕೆ ಎಲ್ಲಿ ತುಕ್ಕು ಹಿಡಿದಿದೆ, ಯಾವುದು ಗಾಳಿಗೆ ಎಷ್ಟು ತಿರುಗುತ್ತದೆ ಎಂದು ಗೊತ್ತಿರುವುದು ಊರಿನಲ್ಲಿ ನನಗೊಬ್ಬಳಿಗೇ. ಹೆದರಿಕೆಯಿಂದ ನೆನೆಯುವುದೂ ನೆನೆಯುವುದೇ. ನಾನು ಬಾಯಿ ತೆರೆದರೆ ಯಾವುದೂ ಬಿಟ್ಟುಹೋಗುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಚಮಚಗಳನ್ನು ಮೇಲಕ್ಕೆಸೆದು ಅಭ್ಯಾಸ ಮಾಡಿದೆ. ಉದ್ದ ಹಿಡಿಯ ಚಮಚವೊಂದನ್ನೇ ಕರೆದೆ. ಎಲ್ಲವೂ ಬಂದವು, ಹಿಂದೆ ಯಾವಾಗಲೋ ಅಟ್ಟದ ಹತ್ತಿರ ಉಳಿದುಹೋಗಿದ್ದ ಒಂದು ಸೌಟು ಕೂಡ. ಮತ್ತೆ ಎಸೆದೆ, ಮತ್ತೆ ಎಲ್ಲವೂ ಬಂದವು. ಎಲ್ಲದಕ್ಕೂ ನೀರು ಚಿಮುಕಿಸಿ ಒರೆಸಿಟ್ಟೆ.

ತುಂಗತ್ತೆ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಒಬ್ಬರನ್ನೇ ಕರೆಯುವುದು ಮರ್ಯಾದಸ್ಥರ ಮನೆಯ ಪದ್ಧತಿಯಲ್ಲವೆಂದು ಮೊದಲು ಅವರೇ ಹೇಳಿದ್ದರು. ನಾನು ಅತ್ತದ್ದನ್ನು ಕಂಡು ಎದ್ದು ಬಂದು ಚಮಚಗಳನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನಿಂಗೆ ಗೊತ್ತಾಗ್ತಿಲ್ಲ ಕಣೇ," ಎಂದರು. "ಕರೆಯೋ ಮಾತಲ್ಲಿ ಏನಿಲ್ಲ. ಈ ಊರಲ್ಲಿ ಇಷ್ಟು ವರ್ಷ ಕುಂಕುಮದ ಬಟ್ಲು ಹಿಡ್ಕೊಂಡು ಮನೆಗೆ ಬಂದೋರೆಲ್ಲ ಎಲ್ಲರೂ ಬನ್ನಿ ಅಂತ್ಲೇ ಹೇಳಿ ಹೋದ್ರು. ನಾನು ಅಲ್ಲೇ, ಅಂಗಳದ ಕಂಬದ ಹತ್ರಾನೇ ನಿಂತಿರ್ತಿದ್ದೆ. ಒಂದು ದಿನಾನಾದ್ರೂ ನನ್ನ ಕರೆದಂಗಾಯ್ತಾ?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅವ್ರು ನನ್ನ ನೋಡ್ತಿರ್ಲಿಲ್ಲ ಅಂತಲ್ಲ. ನೋಡ್ತಿದ್ರು, ಚೆನ್ನಾಗಿದೀಯಾ ತುಂಗಾ ಅಂತಾನೂ ಕೇಳ್ತಿದ್ರು. ಕಣ್ಣು ನನ್ನ ಮೇಲಿರ್ತಿತ್ತು, ಕರೆಯೋದು ನನ್ನ ದಾಟ್ಕೊಂಡು ಹೋಗ್ತಿತ್ತು. ಕಂಬ ನೋಡಿದಂಗೆ ನೋಡ್ಬೇಕು, ಅಷ್ಟೇ. ಅದೇನ್ ಕಷ್ಟದ ಕೆಲ್ಸ ಅಲ್ಲ. ಈ ಊರಲ್ಲಿ ಪಾಪದೋರಿಂದ ಹಿಡಿದು ಎಲ್ರೂ ಮಾಡ್ತಾರೆ."

ಅವರು ಚಮಚಗಳನ್ನು ಎಸೆದರು. ಒಂದನ್ನು ಬಿಟ್ಟು ಉಳಿದವನ್ನೆಲ್ಲ ಒಂದೊಂದಾಗಿ ನೋಡಿದರು, ಬೇರೆಯವರ ಮನೆಯ ಗೋಡೆ ನೋಡುವಂತೆ. ಆಮೇಲೆ ಕರೆದರು. ಉದ್ದ ಹಿಡಿಯದು ಬಂದು ಅವರ ಅಂಗೈಯಲ್ಲಿ ಕೂತಿತು. ಮಿಕ್ಕವು ಅಲ್ಲೇ ಇದ್ದವು. ಅವನ್ನು ಅವರು ಕರೆಯಲೂ ಇಲ್ಲ, ಈಗಲೂ ನಮ್ಮ ಅಡಿಗೆಮನೆಯ ಸೂರಿನ ಹತ್ತಿರ ಇವೆ.

ಬೆಳಗಾದ ಮೇಲೆ ಬೀದಿಯವರಿಗೆ ಮನೆ ಬಿಟ್ಟು ಹೋಗಿರಿ ಎಂದು ಸನ್ನೆ ಮಾಡಿ ತಿಳಿಸಿದೆ. ಕೆಲವರು ಮಕ್ಕಳನ್ನು ಎತ್ತಿಕೊಂಡು ಹೋದರು. ಕೆಲವರು ನೋಡುವ ಆಸೆಯಿಂದ ಉಳಿದರು. ಚನ್ನವೀರಪ್ಪನವರು ಇಬ್ಬರು ಸಿಪಾಯಿಗಳನ್ನು ಕರೆದುಕೊಂಡು ಬಂದರು, ಆದರೆ ಬೀದಿಯೊಳಗೆ ಕಾಲಿಡಲು ಮೂವರೂ ಹಿಂದೇಟು ಹಾಕಿ ಗಿರಣಿಯ ಮರೆಯಲ್ಲೇ ನಿಂತರು. ನಾನು ಬಾಯಲ್ಲಿದ್ದ ಲವಂಗವನ್ನು ಉಗಿದೆ. ಗಿರಣಿ ಬಾಂಬನ್ನು ನೋಡಿದೆ. ಅಕ್ಕಸಾಲಿಗರ ಬಾಂಬನ್ನು, ಅದರ ಹೊಟ್ಟೆಯ ಮೇಲಿನ ತುಕ್ಕನ್ನು, ಮೇಲೆ ಕೂತ ಕಾಗೆಯನ್ನು ನೋಡಿದೆ. ಚೆನ್ನಾಗಿದ್ದೀಯಾ ಎಂದು ಮನಸ್ಸಿನಲ್ಲಿ ಕೇಳಿದೆ. ತುಂಗತ್ತೆ ಕಂಬದ ಹತ್ತಿರ ನಿಂತಿದ್ದ ಮದುವೆ ಮುಂಜಿಗಳ ದಿನಗಳೆಲ್ಲ ನನಗೆ ನೆನಪಿದ್ದವು, ಕುಂಕುಮದ ಬಟ್ಟಲು ಹಿಡಿದು ಬಂದವರ ಮುಖಗಳೂ ನೆನಪಿದ್ದವು. ಅವರ ಮುಖವನ್ನೇ ನನ್ನ ಮುಖಕ್ಕೆ ಹಾಕಿಕೊಂಡೆ. ಅದು ಅಷ್ಟು ಸುಲಭವಾಗಿ ಕೂತದ್ದು ನನಗೆ ಹಿಡಿಸಲಿಲ್ಲ. ಆಮೇಲೆ ಯೋರಾನನನ್ನು ನೋಡಿ ಹೇಳಿದೆ:

"ನೀನೊಬ್ಬನೇ ಬಾ."

ಕಾಗೆ ಹಾರಿತು. ಬಾಂಬುಗಳು ಅಲುಗಲಿಲ್ಲ. ಯೋರಾನ್ ಎದ್ದು ನಿಂತು ವಿಮಾನದ ಅಂಚು ದಾಟಿ, ಮಾಳಿಗೆಯ ಮೆಟ್ಟಿಲು ಇಳಿಯುವವನಂತೆ ಕಾಲು ಇಡುತ್ತ ಕೆಳಗೆ ಬಂದ. ಒಬ್ಬನನ್ನೇ ಕರೆದಿದ್ದರಿಂದ ವಿಮಾನ ಮೇಲೆಯೇ ಉಳಿಯಿತು. ನಮ್ಮ ಜಗಲಿಯ ಮುಂದೆ ಬಂದು ನಿಂತ. ಕೈ ಹಿಡಿದು ಒಳಗೆ ತಂದು ಅಂಗಳದ ಕಂಬಕ್ಕೆ ಒರಗಿಸಿ ಕೂರಿಸಿದೆ. ಗಿರಣಿಯ ಮರೆಯಲ್ಲಿದ್ದ ಮೂವರು ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತರು.

ಏರೋಡ್ರೋಮು ಬಾಡಿಗೆಗೆ ಕೊಡುವಾಗ ಪುರಸಭೆ ಹಾಕಿದ ಷರತ್ತು ಒಂದೇ, ನೀರಿನ ಷರತ್ತು. ಅದನ್ನು ಮುರಿದರೆ ಚಕ್ರದವರ ಒಂದು ವಿಮಾನವನ್ನೂ ಊರಿನಲ್ಲಿ ಯಾರೂ ಕರೆಯುವುದಿಲ್ಲ, ಅವರ ಪಡೆಯೆಲ್ಲ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಸಿಪಾಯಿಗಳು ಕಾಯಲು ಸಿದ್ಧರಾಗಿಯೇ ಬಂದಿದ್ದರು. ಕಾಯುವುದೂ ಬಹಳ ಹೊತ್ತಿನದಲ್ಲ. ಹಿಂದಿನ ದಿನವೆಲ್ಲ ಬಿಸಿಲಿನಲ್ಲಿ ಬೆಂದವನು ಒಂದು ಚೊಂಬು ನೀರನ್ನು ಎಷ್ಟು ಹೊತ್ತು ಕುಡಿದಾನು? ಅವನು ಅದನ್ನು ಒಂದೇ ಉಸಿರಿಗೆ ಮುಗಿಸಿ ಬೋರಲು ಹಾಕುವುದು ನನ್ನ ಕಣ್ಣಿಗೆ ಕಟ್ಟಿತು. ಕರೆಯುವುದನ್ನೇ ಯೋಚಿಸಿದ್ದೆನೇ ಹೊರತು ಕರೆದ ಮೇಲಿನದನ್ನು ನಾನು ಯೋಚಿಸಿರಲಿಲ್ಲ. ಒಂದು ಗುಟುಕು ಉಳಿಸು ಎಂದು ಹೇಳುವುದಕ್ಕೆ ಅವನಿಗೆ ಬರುವ ಮಾತುಗಳು ನನ್ನ ಹತ್ತಿರ ಇರಲಿಲ್ಲ. ನೀರು ತರಲು ಎದ್ದೆ, ಏಳದೆ ವಿಧಿಯಿರಲಿಲ್ಲ.

ಒಳಗಿನಿಂದ ಏನೋ ನೆಲದ ಮೇಲೆ ಎಳೆದ ಸದ್ದಾಯಿತು. ತುಂಗತ್ತೆ ಬಚ್ಚಲುಮನೆಯ ತಾಮ್ರದ ಹಂಡೆಯನ್ನು, ಬೆಳಿಗ್ಗೆಯೇ ತೊಳೆದು ಅಂಚಿನವರೆಗೆ ತುಂಬಿಟ್ಟಿದ್ದನ್ನು, ಹಳೆಯ ಕಂಬಳಿಯ ಮೇಲಿಟ್ಟು ಅಂಗಳಕ್ಕೆ ಎಳೆದು ತರುತ್ತಿದ್ದರು.

"ಚೊಂಬು ಎಲ್ಲೋ ಸಿಕ್ಕಲಿಲ್ಲ," ಎಂದರು.

ಚನ್ನವೀರಪ್ಪನವರು ಹಂಡೆಯನ್ನು ನೋಡಿದರು, ತುಂಗತ್ತೆಯನ್ನು ನೋಡಿದರು. "ಇದು ಸರಿಯಾ ತುಂಗಕ್ಕಾ?"

"ಎಷ್ಟು ಕೊಡ್ಬೇಕು ಅಂತ ಎಲ್ಲಿದ್ಯಪ್ಪಾ? ಬಾಯಾರಿ ಬಂದೋನಿಗೆ ಅಳತೆ ಹಾಕಿ ಕೊಡೋಕಾಗುತ್ತಾ?"

ಚನ್ನವೀರಪ್ಪನವರು ಅಳತೆ ಎಲ್ಲೂ ಇಲ್ಲವೆಂದು ಸಿಪಾಯಿಗಳಿಗೆ ವಿವರಿಸಿದರು. ಯೋರಾನ್ ಬಗ್ಗಿ ಹಂಡೆಯ ಅಂಚಿಗೇ ಬಾಯಿ ಹಚ್ಚಿ ಕುಡಿದ. ಬಹಳ ಹೊತ್ತು ಕುಡಿದ. ತಲೆ ಎತ್ತಿದಾಗ ನೀರು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಅವನು ಬಾಗಿಲಲ್ಲಿದ್ದವರನ್ನು ನೋಡಿದ, ಹಂಡೆಯನ್ನು ನೋಡಿದ, ಆಮೇಲೆ ಅತ್ತೆಯನ್ನು ನೋಡಿದ.

"ಸಾಕು," ಎಂದ.

ಹೀಗೆ ಅವನು ನಮ್ಮ ಮನೆಯಲ್ಲಿ ಉಳಿದ. ಸಿಪಾಯಿಗಳು ಜಗಲಿಯಲ್ಲಿ ಪಾಳಿ ಹಾಕಿಕೊಂಡು ಕೂತರು. ನನ್ನ ಕೆಲಸ ಹೋಯಿತು. ವಿಮಾನಗಳನ್ನು ಚನ್ನವೀರಪ್ಪನವರೇ ಕರೆಯತೊಡಗಿದರು, ಅವರಿಗೆ ಅಷ್ಟೇನೂ ಮನಸ್ಸಿಲ್ಲದ್ದರಿಂದ ಅವು ಇಳಿಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಮೇಲೆ ಉಳಿದ ಗಲ್ಲದ ವಿಮಾನ ತಮಗೆ ಬೇಕೆಂದು ಚಕ್ರದವರು ಅವರಿಂದಲೇ ಕರೆಸಿದರು. ಅದು ಅಲುಗಲಿಲ್ಲ. ಚನ್ನವೀರಪ್ಪನವರಿಗೆ ಬೇಕಾಗಿದ್ದದ್ದು ವಿಮಾನವಲ್ಲ, ತಾವು ಕರೆದದ್ದನ್ನು ಸಾಹೇಬರು ನೋಡುವುದು. ಊರಿನಲ್ಲಿ ಇನ್ನು ಯಾರಿಗೂ ಯುದ್ಧವಿಮಾನದ ಅಗತ್ಯವಿರಲಿಲ್ಲ. ಅದರ ಗಲ್ಲದೊಳಗೆ ಪಾರಿವಾಳಗಳು ಗೂಡು ಕಟ್ಟಿದವು. ಮಧ್ಯಾಹ್ನ ಅದರ ನೆರಳು ನಮ್ಮ ಜಗಲಿಯ ಮೇಲೆ ಬೀಳುವುದರಿಂದ ಸಿಪಾಯಿಗಳಿಗೂ ಹಿತವಾಯಿತು.

ಕೊಟ್ಟ ನೀರಿರುವ ತನಕ ಅತಿಥಿ ಬೇರೆ ನೀರು ಕುಡಿಯುವಂತಿಲ್ಲ, ಕೊಟ್ಟದ್ದಕ್ಕೆ ಮನೆಯವರು ಮತ್ತೆ ಸೇರಿಸುವಂತೆಯೂ ಇಲ್ಲ. ಮಜ್ಜಿಗೆ ನೀರೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಗಟ್ಟಿ ಮಜ್ಜಿಗೆ ಊಟ, ತೆಳು ಮಜ್ಜಿಗೆ ನೀರು ಎಂದು ಚನ್ನವೀರಪ್ಪನವರು ತೀರ್ಮಾನ ಕೊಟ್ಟರು. ತುಂಗತ್ತೆ ಅಂದಿನಿಂದ ಚಮಚದಲ್ಲಿ ತಿನ್ನುವಷ್ಟು ಗಟ್ಟಿಯಾಗಿ ಕಡೆದರು. ಹಂಡೆಗೆ ಲಾವಂಚದ ಬೇರು ಹಾಕಿ ಮೇಲೆ ತಟ್ಟೆ ಮುಚ್ಚಿ ಒದ್ದೆ ಬಟ್ಟೆ ಹೊದಿಸಿದರು. ಯೋರಾನ್ ದಿನಕ್ಕೆ ಮೂರು ಬಾರಿ, ಮಗುವಿನಂತೆ, ಸಣ್ಣ ಲೋಟದಲ್ಲಿ ಕುಡಿಯುತ್ತಿದ್ದ. ಆದರೂ ನೀರು ಇಳಿಯಿತು. ನಾನು ಹೊತ್ತು ಹೊತ್ತಿ‌ಗೂ ತಟ್ಟೆ ಸರಿಸಿ ನೋಡುತ್ತಿದ್ದೆ. ನೀನು ನೋಡಿ ನೋಡಿಯೇ ಅದು ಖಾಲಿಯಾಗುತ್ತದೆ ಎಂದು ತುಂಗತ್ತೆ ಗದರಿದರು. ಹಂಡೆಯ ಒಳಗಿನ ಬೆಸುಗೆಯ ಗೆರೆ ಕಂಡಿತು. ಆಮೇಲೆ ತಳದ ಉಬ್ಬು ಕಂಡಿತು. ಜಗಲಿಯ ಸಿಪಾಯಿಗಳೂ ಬಂದು ಇಣುಕಿ ನೋಡತೊಡಗಿದರು. ಅವರಿಗೂ ಅವನ ಪರಿಚಯವಾಗಿತ್ತು, ಅವನ ಜೊತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಆದರೆ ಬೂಟನ್ನು ಮಾತ್ರ ದಿನವೂ ಹೊಳೆಯುವಂತೆ ಉಜ್ಜಿಟ್ಟುಕೊಳ್ಳುತ್ತಿದ್ದರು. ಅವನನ್ನು ಕರೆದೊಯ್ದ ಮೇಲೆ ಏನು ಮಾಡುತ್ತಾರೆ ಎಂದು ಒಬ್ಬನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ ಇನ್ನೊಂದು ಗಡ್ಡೆ ತೆಗೆದುಕೊಂಡ.

ಯುದ್ಧ ಮುಗಿಯುವ ಸೂಚನೆ ಇರಲಿಲ್ಲ. ಊರಿನ ಮೇಲೆ ಕೆಲವು ದಿನಗಳಿಂದ ಒಂದು ಮೋಡ ಬಂದು ನಿಂತಿತ್ತು. ಮೆಣಸಿನಕಾಯಿ ಇನ್ನೂ ಒಣಗಿರಲಿಲ್ಲವಾದ್ದರಿಂದ ಪುರಸಭೆಯವನು ಕರೆದಿರಲಿಲ್ಲ. ಹಂಡೆಯಲ್ಲಿ ಎರಡು ಲೋಟ ಉಳಿದಿದ್ದ ದಿನ ಬೆಳಿಗ್ಗೆ ನಾನು ಚನ್ನವೀರಪ್ಪನವರನ್ನು ಬರಹೇಳಿ ಒಂದು ಪ್ರಶ್ನೆ ಕೇಳಿದೆ. ಹಂಡೆಗೆ ಮನೆಯವರು ನೀರು ಸೇರಿಸಬಾರದು, ಸರಿ. ಇನ್ನೊಬ್ಬ ಅತಿಥಿ ಬಂದು ತಾನಾಗಿ ಅದರಲ್ಲಿ ಇಳಿದರೆ? ಅವರು ತಲೆ ಎತ್ತಿ ಮೋಡವನ್ನು ನೋಡಿದರು. ಅತಿಥಿಗಳನ್ನು ಎಲ್ಲಿ ಕೂರಿಸಬೇಕು ಎಂಬುದು ಮನೆಯವರಿಗೆ ಬಿಟ್ಟದ್ದು ಎಂದರು. ಆಮೇಲೆ ತಮಗೆ ಏರೋಡ್ರೋಮಿನಲ್ಲಿ ಕೆಲಸವಿದೆಯೆಂದು ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕಿ ಹೋದರು.

ಅಂಗಳದಲ್ಲಿ ಹಂಡೆಯ ತಟ್ಟೆ ತೆಗೆದೆ. ಮಳೆಯನ್ನು ಒಂದೊಂದೇ ಹನಿಯಾಗಿ ಕರೆದರೆ ಏನೂ ಆಗುವುದಿಲ್ಲ. ಅದನ್ನು ಕರೆಯುವುದಕ್ಕೆ ಇರುವುದು ಆ ಒಂದೇ ಮಾತು, ಅದನ್ನು ಪೇಟೆ ಬೀದಿಯಲ್ಲಿ ಪಾರ್ವತವ್ವನ ನಂತರ ಯಾರೂ ಆಡಿರಲಿಲ್ಲ. ಅಂಗಳದ ಮೇಲೆ ಒಂದು ಕಡೆ ಗಿರಣಿ ಬಾಂಬಿನ ಬಾಲ ಕಾಣುತ್ತಿತ್ತು. ಅದನ್ನು ನೋಡಿದೆ. ವಿಮಾನವನ್ನು ನೋಡಿದೆ, ಅದರ ಪಾರಿವಾಳಗಳನ್ನು, ಬೀದಿಯಲ್ಲಿ ತೇಲುತ್ತ ಒಣಗಿದ ರೊಟ್ಟಿಗಳನ್ನು ನೋಡಿದೆ. ಚೆನ್ನಾಗಿದ್ದೀರಾ ಎಂದು ಕೇಳಿ ಎಲ್ಲವನ್ನೂ ದಾಟಿಕೊಂಡು ಹೋದೆ. ದಾಟದೆ ನಿಂತದ್ದು ಒಂದು ಕಡೆ ಮಾತ್ರ, ಕಂಬದ ಹತ್ತಿರ. ಅಲ್ಲಿ ತುಂಗತ್ತೆ ನಿಂತಿದ್ದರು. ಅವರನ್ನು ನೋಡಿ, ಮೋಡವನ್ನು ನೋಡಿ, ಬೀದಿಗೆಲ್ಲ ಕೇಳುವಂತೆ ಹೇಳಿದೆ:

"ಎಲ್ಲರೂ ಬನ್ನಿ."

ಬಾಂಬುಗಳು ಇದ್ದಲ್ಲೇ ಇದ್ದವು. ಮಳೆ ಬಂತು. ಮೊದಲು ಹಂಡೆಯ ತಳಕ್ಕೆ ಟಣ್ ಎಂದು ಒಂದು ಹನಿ, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಜಗಲಿಯ ಸಿಪಾಯಿಗಳು ಬೂಟುಗಳನ್ನು ಒಳಗೆಳೆದುಕೊಂಡರು. ಯೋರಾನ್ ಹಂಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೀರು ಏರುವುದನ್ನು ನೋಡುತ್ತಿದ್ದ. ತುಂಗತ್ತೆ ಕಂಬ ಬಿಟ್ಟಿರಲಿಲ್ಲ.

"ನನ್ನೂ ಸೇರಿಸಿ ಕರೆದ್ಯೇನೇ?" ಎಂದರು.

"ಹೂಂ ಅತ್ತೆ."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದು ನಡುವೆ ಬಂದು ನಿಂತರು. ನೆನೆಯಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ಪೂರ್ತಿ ನೆನೆದರು. ಮೆಣಸಿನಕಾಯಿಯವರು ಹೊರಗೆ ಬೈಯುವುದು ಕೇಳಿಸುತ್ತಿತ್ತು. ಬಂದವರಿಗೆ ನೀರು ಕೊಡಬೇಕಲ್ಲ ಎಂದು ತುಂಗತ್ತೆಯೇ ನೆನಪಿಸಿದರು. ಸಿಗದೆ ಹೋಗಿದ್ದ ಚೊಂಬು ಗೂಡಿನಲ್ಲೇ ಇತ್ತು. ತುಂಬಿ ತಂದೆ. ಮಳೆಗೆ ಕೊಡುವ ನೀರನ್ನು ಸೂರಿನ ಕೆಳಗಿಡುವುದು ಪದ್ಧತಿ. ಬಯಲಿನಲ್ಲಿಟ್ಟರೆ ಅದು ತುಂಬುತ್ತಲೇ ಇರುತ್ತದೆ, ಎಂದೂ ಮುಗಿಯುವುದಿಲ್ಲ, ಬಂದವರು ಹೋಗುವುದೇ ಇಲ್ಲ. ಚೊಂಬು ಹಿಡಿದು ಒಂದು ಕ್ಷಣ ಸೂರಿನ ಕೆಳಗೆ ನಿಂತೆ. ಆಮೇಲೆ ಹೋಗಿ ಅದನ್ನು ಅಂಗಳದ ನಡುವೆ, ಹಂಡೆಯ ಪಕ್ಕದಲ್ಲಿ ಇಟ್ಟೆ.